ಫೋಟೋ ನೋಡಿ ಹಳೇ ನಾಣ್ಯ ತಗೊಳ್ಳೋರಿಗೆ: ಕೊಡಗಿನವರು ಪದೇ ಪದೇ ಕೇಳೋ ಪ್ರಶ್ನೆಗಳು

ಬೆಂಗಳೂರಿನವರ ಥರ ನಾಣ್ಯದ ಎಕ್ಸಿಬಿಷನ್‌ಗೆ ಹೋಗಿ, ಕೈಯಲ್ಲಿ ಹಿಡಿದು, ಲೆನ್ಸ್ ಇಟ್ಟು ನೋಡಿ ತಗೊಳ್ಳೋ ಅನುಕೂಲ ನಮ್ಮ ಕಡೆ ಕಡಿಮೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯಲ್ಲಿ ಕೂತು ಸಂಗ್ರಹ ಮಾಡೋರು ಹೆಚ್ಚು ಪಾಲು ಮೊಬೈಲ್ ಫೋಟೋ ನೋಡಿಯೇ ದುಡ್ಡು ಹಾಕೋದು. ಅದಕ್ಕೇ ಪರಿಚಯದವರು, ಪರಿಚಯದವರ ಮಕ್ಕಳು ಕೇಳ್ತಾ ಇರೋ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದ್ದೀನಿ.

ಬರೀ ಫೋಟೋ ನೋಡಿ ನಾಣ್ಯ ತಗೊಳ್ಳಬಹುದಾ?

ತಗೊಳ್ಳಬಹುದು, ನಾನೂ ಹಾಗೇ ತಗೊಳ್ಳೋದು. ಆದ್ರೆ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ. ಫೋಟೋದಲ್ಲಿ ಕಾಣದೇ ಇರೋ ಭಾಗ ಚೆನ್ನಾಗೇ ಇರುತ್ತೆ ಅಂತ ಅಂದ್ಕೊಳ್ಳಬೇಡಿ, ಕಾಣದಿದ್ರೆ ಅಲ್ಲೇನೋ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಕಟ್ಟಿ, ಇಲ್ಲಾಂದ್ರೆ ಬಿಟ್ಟುಬಿಡಿ. ಮಾರೋರಿಗೆ ತಮ್ಮ ನಾಣ್ಯದಲ್ಲಿ ಏನು ಚೆನ್ನಾಗಿದೆ ಅನ್ನೋದು ಚೆನ್ನಾಗೇ ಗೊತ್ತಿರುತ್ತೆ, ಅದನ್ನ ತೋರಿಸದೇ ಇರಲ್ಲ. ಹತ್ತು ನೋಡಿ ಒಂಬತ್ತು ಬೇಡ ಅನ್ನೋದು ಜಿಪುಣತನ ಅಲ್ಲ, ಈ ಹವ್ಯಾಸದಲ್ಲಿ ಕಲೀಬೇಕಾದ ಮೊದಲ ಕೆಲಸವೇ ಅದು.

ಮಾರೋರ ಹತ್ರ ಎಂಥ ಫೋಟೋ ಕೇಳಬೇಕು?

ಎರಡೂ ಮುಖ ನೇರವಾಗಿ ಮೇಲಿಂದ ತೆಗೆದಿದ್ದು, ಅಂಚಿನ ಫೋಟೋ ಒಂದು, ಡಿಜಿಟಲ್ ತಕ್ಕಡಿ ಮೇಲೆ ನಾಣ್ಯ ಇಟ್ಟು ಗ್ರಾಂ ಕಾಣೋ ಹಾಗೆ ಒಂದು, ಕೊನೇಗೆ ನಾಣ್ಯನ ಬೆರಳಲ್ಲಿ ಹಿಡಿದು ಬೆಳಕಿಗೆ ನಿಧಾನವಾಗಿ ಓರೆ ಮಾಡೋ ಚಿಕ್ಕ ವಿಡಿಯೋ. ವಿಡಿಯೋ ಯಾಕಂದ್ರೆ, ಟಂಕಶಾಲೆಯಿಂದ ಬಂದ ಮೂಲ ಹೊಳಪು ಇದ್ರೆ ನಾಣ್ಯ ತಿರುಗಿಸಿದ ಹಾಗೆ ಬೆಳಕಿನ ಪಟ್ಟಿ ಗಿರಗಿರ ಅಂತ ಸುತ್ತುತ್ತೆ, ಪಾಲಿಶ್ ಹಾಕಿ ಉಜ್ಜಿದ ನಾಣ್ಯದಲ್ಲಿ ಹೊಳಪು ಇರುತ್ತೆ ಆದ್ರೆ ಅದು ಸುತ್ತಲ್ಲ, ಎಲ್ಲಾ ಕಡೆ ಒಂದೇ ಥರ ಸಪ್ಪೆಯಾಗಿ ಮಿನುಗುತ್ತೆ. ನಿಂತ ಫೋಟೋದಲ್ಲಿ ಈ ವ್ಯತ್ಯಾಸ ಹಿಡಿಯೋದು ಕಷ್ಟ.

ಇನ್ನೊಂದು, ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕಂಪ್ರೆಸ್ ಆಗಿ ಸಣ್ಣ ಗೆರೆಗಳೆಲ್ಲ ಅಳಿಸಿ ಹೋಗುತ್ತೆ. "ಅಣ್ಣಾ, ಡಾಕ್ಯುಮೆಂಟ್ ಮಾಡಿ ಕಳ್ಸಿ" ಅಂತ ಕೇಳಿ. ಎರಡು ನಿಮಿಷದ ಕೆಲಸ. ಅದಕ್ಕೇ ಸಿಡಿಮಿಡಿ ಮಾಡೋರು ನಾಳೆ ನಾಣ್ಯ ವಾಪಸ್ ಕಳಿಸ್ತೀನಿ ಅಂದಾಗ ಹೇಗೆ ಮಾತಾಡಬಹುದು ಯೋಚನೆ ಮಾಡಿ.

ಫೋಟೋ ಅವರದ್ದೇನಾ ಅಂತ ಅನುಮಾನ ಬಂದ್ರೆ ನಾಣ್ಯದ ಪಕ್ಕ ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದಿಟ್ಟು ಹೊಸದಾಗಿ ತೆಗೆದು ಕಳಿಸೋಕೆ ಹೇಳಿ. ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಫೋಟೋ ಬೇರೆ ಮೂರು ಕಡೆ ಮೂರು ಹೆಸರಲ್ಲಿ ಕಂಡ್ರೆ ಅಲ್ಲಿಗೇ ಬಿಡಿ.

ತುಂಬಾ ಬೆಳ್ಳಗೆ, ಫಳಫಳ ಅಂತ ಇರೋ ಬೆಳ್ಳಿ ರೂಪಾಯಿ ಒಳ್ಳೇದಲ್ವಾ?

ನೂರು ವರ್ಷ ಹಳೇ ಬೆಳ್ಳಿ ನಿನ್ನೆ ಮಾಡಿದ ಹಾಗೆ ಬೆಳ್ಳಗಿದ್ರೆ ಮೊದಲು ಬರಬೇಕಾದ್ದು ಅನುಮಾನ. ಸೋಡಾಪುಡಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಏನೇನೋ ಹಾಕಿ ತಿಕ್ಕಿರ್ತಾರೆ. ಜೂಮ್ ಮಾಡಿದ್ರೆ ಖಾಲಿ ಜಾಗದಲ್ಲಿ ಒಂದೇ ದಿಕ್ಕಿಗೆ ಕೂದಲೆಳೆ ಥರ ಗೀರುಗಳು ಕಾಣುತ್ತೆ. ಚಲಾವಣೆಯಲ್ಲಿ ಬಿದ್ದ ಗೀರು ಹಾಗಿರಲ್ಲ, ಅಡ್ಡಾದಿಡ್ಡಿ ಇರುತ್ತೆ. ಅಕ್ಷರಗಳ ಸಂದಿಯಲ್ಲಿ ಕಪ್ಪು ಉಳಿದು ಉಳಿದ ಜಾಗ ಎಲ್ಲ ಬಿಳಿ ಇದ್ರೂ ಅದೇ ಕಥೆ. ಇಂಥ ನಾಣ್ಯಕ್ಕೆ ಬೆಳ್ಳಿ ರೇಟಿನ ಮೇಲೆ ಹೆಚ್ಚು ಕೊಡೋ ಅಗತ್ಯ ಇಲ್ಲ. ಬೂದು, ಕಂದು, ಸ್ವಲ್ಪ ನೀಲಿ ತಿರುಗಿದ ಬಣ್ಣ ಕೊಳೆ ಅಲ್ಲ ಅನ್ನೋದನ್ನ ದಯವಿಟ್ಟು ಮನೆಯವರಿಗೂ ಹೇಳಿ. ಹಬ್ಬಕ್ಕೆ ದೀಪ, ಕಿಂಡಿ ಚೆಂಬು ತೊಳೆಯೋವಾಗ ನಾಣ್ಯನೂ ಸೇರಿಸಿ ಉಜ್ಜಿಬಿಟ್ರೆ ಸಂಗ್ರಹದ ಬೆಲೆ ಅಲ್ಲಿಗೇ ಹೋಯ್ತು, ಮತ್ತೆ ಬರಲ್ಲ.

"ಹಂದಿ ರೂಪಾಯಿ" ಅಂತ ಮಾರ್ತಾರಲ್ಲ, ಫೋಟೋದಲ್ಲಿ ಹೇಗೆ ಗುರುತಿಸೋದು?

ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಯಾಕಂದ್ರೆ ಒಂದೇ ನಾಣ್ಯದಲ್ಲಿ ಫೋಟೋ ಓದೋದು ಹೇಗೆ ಅಂತ ಪೂರ್ತಿ ಕಲೀಬಹುದು.

1911ರಲ್ಲಿ ಐದನೇ ಜಾರ್ಜ್ ಹೆಸರಲ್ಲಿ ಬಂದ ರೂಪಾಯಿಯಲ್ಲಿ ರಾಜನ ನಿಲುವಂಗಿ ಮೇಲೆ ಒಂದು ಸರ ಇದೆ, ಆ ಸರದಲ್ಲಿ ಪುಟ್ಟ ಆನೆ ಇದೆ. ಆನೆಗೆ ಸೊಂಡಿಲು ಮೋಟು, ಕಾಲು ಗಿಡ್ಡ, ನೋಡೋರಿಗೆ ಹಂದಿ ಥರ ಕಂಡು ಜನರಲ್ಲಿ ಗಲಾಟೆ ಆಗಿ ಸರ್ಕಾರ ವಾಪಸ್ ತಗೊಂಡು 1912ರಲ್ಲಿ ಆನೆ ಚಿತ್ರ ತಿದ್ದಿ ಹೊಸ ಅಚ್ಚು ಹಾಕಿಸ್ತು. ಅಂದ್ರೆ ಇಸವಿ 1911 ಇರಬೇಕು. 1912, 1913, 1919ರ ರೂಪಾಯಿಗೂ "ಪಿಗ್ ರೂಪಿ, ರೇರ್" ಅಂತ ಹಾಕ್ತಾರೆ, ಅದು ಸುಳ್ಳು.

ಈಗ ಮಾರೋರು ಕಳಿಸಿದ ಫೋಟೋ ತೆರೆದು ನೋಡಿ. ಮೊದಲು ರಾಜನ ಎದೆ ಭಾಗಕ್ಕೆ ಜೂಮ್ ಮಾಡಿ. ಆ ಆನೆ ಇರೋದು ಅಕ್ಕಿಕಾಳಿಗಿಂತ ಚಿಕ್ಕದಾಗಿ, ಸವೆತ ಶುರುವಾದ್ರೆ ಬೇಗ ಹೋಗೋ ಭಾಗಗಳಲ್ಲಿ ಅದೂ ಒಂದು. ಕಾಲುಗಳು ಬೇರೆ ಬೇರೆ ಕಂಡ್ರೆ ಒಳ್ಳೇ ಸ್ಥಿತಿ, ಬರೀ ಗುಬುಟು ಥರ ಕಂಡ್ರೆ ಸಾಧಾರಣ. ಆಮೇಲೆ ಕಿರೀಟದ ಹರಳುಗಳು, ಕಿವಿ ಮೇಲಿನ ಕೂದಲು. ತಿರುಗಿಸಿ, ಹಿಂದೆ ಹೂಬಳ್ಳಿಯ ದಳಗಳ ಗೆರೆ. ಆಮೇಲೆ ಇಸವಿ, ಕೊನೇ ಎರಡು 1 ಒಂದೇ ದಪ್ಪ ಒಂದೇ ಎತ್ತರ ಇದೆಯಾ, ಸುತ್ತ ಲೋಹ ಕೆರೆದ ಹಾಗೆ ನುಣುಪಾಗಿದೆಯಾ. ಕೊನೇಗೆ ಮೇಲ್ಗಡೆ ಅಂಚು, ಅಲ್ಲಿ ಬೆಸುಗೆ ಗುರುತು ಇದ್ರೆ ಸರಕ್ಕೆ ಹಾಕಿ ತೆಗೆದ ನಾಣ್ಯ. ಎಲ್ಲಾ ಸರಿ ಕಂಡ್ರೂ ತೂಕ ಕೇಳಿ, 11.66 ಗ್ರಾಂ ಅಂದ್ರೆ ಒಂದು ತೊಲ ಇರಬೇಕು. ಸವೆದಿದ್ರೆ ಸ್ವಲ್ಪ ಕಮ್ಮಿ ಬರುತ್ತೆ, ಒಂದೂವರೆ ಗ್ರಾಂ ಕಮ್ಮಿ ಬಂದ್ರೆ ಬೇಡ.

1939ರ ರೂಪಾಯಿ ಸಿಕ್ತಾ ಇದೆ, ತಗೊಳ್ಳಲಾ?

ಫೋಟೋ ನೋಡಿ ತಗೊಳ್ಳಬೇಡಿ. ಆರನೇ ಜಾರ್ಜ್‌ನ ಅಪರೂಪದ ರೂಪಾಯಿ ಅದು, ಅದಕ್ಕೇ ಪಕ್ಕದ ಇಸವಿಯ ಕೊನೇ ಅಂಕಿ ತಿದ್ದಿ 9 ಮಾಡಿದ್ದು, ಪೂರ್ತಿ ಎರಕ ಹೊಯ್ದಿದ್ದು ಎಲ್ಲಾ ಓಡಾಡ್ತಾ ಇದೆ. ಪರಿಣತರು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿದ್ದು ಬಿಟ್ಟು ಬೇರೆ ಯಾವುದಕ್ಕೂ ದೊಡ್ಡ ದುಡ್ಡು ಹಾಕಬೇಡಿ.

ಇಸವಿ ಎಷ್ಟು ಹಳೇದೋ ಅಷ್ಟು ಬೆಲೆ ಅಲ್ವಾ? ನಮ್ಮ ಮನೇಲಿ 1862ರದ್ದು ಇದೆ.

ಅಲ್ಲ. 1862 ಅಂತ ಅಚ್ಚಾದ ವಿಕ್ಟೋರಿಯಾ ರೂಪಾಯಿಯನ್ನ ಅದೊಂದೇ ವರ್ಷ ಮಾಡಿದ್ದಲ್ಲ, ಅದೇ ಇಸವಿ ಇಟ್ಕೊಂಡು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೊಡೆದ್ರು, ಆಮೇಲೆ 1874ರಲ್ಲಿ ಇಸವಿ ಬದಲಾಯಿತು. 1840ರದ್ದೂ ಹಾಗೇ. ಹಾಗಾಗಿ ಕೋಟಿಗಟ್ಟಲೆ ಇದೆ. ಅದರಲ್ಲೂ ಚುಕ್ಕೆ, ಅಚ್ಚಿನ ಸಣ್ಣ ವ್ಯತ್ಯಾಸ ಅಂತ ಒಳಗೆ ವಿಧಗಳಿವೆ, ಅದಕ್ಕೆ ಬೆಲೆ ಬೇರೆ, ಆದ್ರೆ ಅದನ್ನೂ ಸ್ಪಷ್ಟ ಫೋಟೋದಲ್ಲಿ ನೀವೇ ಎಣಿಸಿ ನೋಡಬೇಕು, ಲಿಸ್ಟಿಂಗ್‌ನಲ್ಲಿ ಬರೆದಿದ್ದನ್ನ ನಂಬಬಾರದು.

ಲೋಹದ್ದೂ ಇಲ್ಲೇ ಹೇಳ್ತೀನಿ. ಹಳೇ ಬೆಳ್ಳಿ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಅಂದ್ರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರ ತನಕದ್ದರಲ್ಲಿ ಅರ್ಧಕ್ಕೆ ಅರ್ಧ ಮಾತ್ರ, 5.83 ಗ್ರಾಂ. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ನಿಕ್ಕಲ್, ಅಯಸ್ಕಾಂತಕ್ಕೆ ಅಂಟ್ಕೊಳ್ಳುತ್ತೆ. ಅದನ್ನೂ "ಪ್ಯೂರ್ ಸಿಲ್ವರ್" ಅಂತ ಹಾಕಿರೋದು ಎಷ್ಟೋ ಕಡೆ ಕಾಣುತ್ತೆ. ಇವತ್ತಿನ ಬೆಳ್ಳಿ ರೇಟಿಗೆ ಗುಣಿಸಿ ತಳದ ಬೆಲೆ ಎಷ್ಟು ಅಂತ ಮೊದಲು ಗೊತ್ತು ಮಾಡ್ಕೊಳ್ಳಿ, ಅದರ ಮೇಲೆ ಕೇಳೋ ಪ್ರತಿ ರೂಪಾಯಿಗೂ ಫೋಟೋದಲ್ಲಿ ಕಾರಣ ಕಾಣಬೇಕು.

ರಾಮ ದರ್ಬಾರ್, ಹನುಮಾನ್ ಇರೋ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಪೂಜೆಗೆ ಒಳ್ಳೇದು ಅಂತಾರೆ...

ಪೂಜೆಗೆ ಇಡೋದು ಬಿಡೋದು ನಿಮ್ಮ ಭಕ್ತಿ, ಅದರ ಬಗ್ಗೆ ನಾನು ಮಾತಾಡಲ್ಲ. ಆದ್ರೆ ಅದು ಕಂಪನಿ ನಾಣ್ಯ ಅಲ್ಲ. ಕಂಪನಿ ಯಾವತ್ತೂ ಅಂಥ ದೇವರ ಚಿತ್ರದ ಒಂದಾಣೆ, ಅರ್ಧಾಣೆ ಹೊಡೆಸಿಲ್ಲ. ಈಚೆಗೆ ಮಾಡಿದ ಬಿಲ್ಲೆಗಳು ಅವು. 1616, 1717 ಅಂತ ಇಸವಿ ಇರೋದೂ ಅದೇ ಜಾತಿ. ಇದನ್ನ ವಯಸ್ಸಾದವರು ಸಾವಿರಗಟ್ಟಲೆ ಕೊಟ್ಟು ತಗೊಂಡಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇದಕ್ಕಿಂತ ಅಪಾಯದ್ದು ರೈಸ್ ಪುಲ್ಲಿಂಗ್. ತಾಮ್ರದ ನಾಣ್ಯ ಅಕ್ಕಿಕಾಳನ್ನ ಎಳೆಯುತ್ತೆ, ಒಳಗೆ ಇರಿಡಿಯಂ ಅನ್ನೋ ಲೋಹ ಇದೆ, ಕೋಟಿ ಬೆಲೆ ಅಂತ ವಿಡಿಯೋ ಕಳಿಸ್ತಾರೆ. ಇರಿಡಿಯಂ ಅಕ್ಕಿ ಎಳೆಯಲ್ಲ, ಯಾವ ನಾಣ್ಯವೂ ಎಳೆಯಲ್ಲ. ನಂಬರ್ ಬ್ಲಾಕ್ ಮಾಡಿ.

ಕೊಡಗಿನ ರಾಜರ ಚಿನ್ನದ ಪಣ ಅಂತ "ವೀರರಾಯ ಪಣ" ಮಾರ್ತಾರೆ. ನಮ್ಮೂರಿನದ್ದು ಅಂತ ಆಸೆ.

ಆ ಆಸೆ ನನಗೆ ಅರ್ಥ ಆಗುತ್ತೆ. ಕೊಡಗನ್ನ ಆಳಿದ ಹಾಲೇರಿ ರಾಜರ ಹೆಸರಲ್ಲಿ ವೀರರಾಜ ಇರೋದ್ರಿಂದ ಕೇಳಿದ ತಕ್ಷಣ ನಮ್ಮದೇ ಅನ್ಸುತ್ತೆ. ಆದ್ರೆ ವೀರರಾಯ ಪಣ ಅಂತ ಕರೆಯೋದು ಮಲಬಾರ್ ಕಡೆ ಉದ್ದಕ್ಕೂ ಓಡಾಡಿದ ಪುಟ್ಟ ಚಿನ್ನದ ನಾಣ್ಯ, ಯಾರು ಹೊಡೆಸಿದ್ದು ಅನ್ನೋದರಲ್ಲಿ ತಿಳಿದವರಲ್ಲೇ ಒಮ್ಮತ ಇಲ್ಲ. ಹಾಗಿರೋವಾಗ "ಕೊಡಗಿನ ರಾಜರದ್ದೇ" ಅಂತ ಹೇಳಿ ಹೆಚ್ಚು ಬೆಲೆ ಕೇಳಿದ್ರೆ ಆ ಹೆಚ್ಚಿನ ಭಾಗ ಕೊಡಬೇಡಿ, ಪಣಕ್ಕೆ ಮಾತ್ರ ಬೆಲೆ ಕೊಡಿ.

ಫೋಟೋದಲ್ಲಿ ಇನ್ನೊಂದು ತೊಂದರೆ ಇದೆ. ಈ ಪಣಗಳು, ಮೈಸೂರಿನ ಕಂಠೀರವ ಪಣ ಕೂಡ, ಅರ್ಧ ಗ್ರಾಂಗಿಂತ ಕಮ್ಮಿ ತೂಕ, ಅಗಲ ಒಂದು ಸೆಂಟಿಮೀಟರ್ ಕೂಡ ಇರಲ್ಲ. ಸ್ಕ್ರೀನ್ ತುಂಬ ದೊಡ್ಡದಾಗಿ ಕಂಡು ಜನ ಮೋಸ ಹೋಗ್ತಾರೆ, ಪಾರ್ಸಲ್ ಬಿಚ್ಚಿ ನೋಡಿದ್ರೆ ಮೆಂತ್ಯಕಾಳಿಗಿಂತ ಸ್ವಲ್ಪ ದೊಡ್ಡದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕೇಳಿ, ಎರಡು ದಶಮಾಂಶ ತೋರಿಸೋ ತಕ್ಕಡಿಯ ಫೋಟೋ ಕೇಳಿ. ಚಿನ್ನದ ಶುದ್ಧತೆ ಫೋಟೋದಲ್ಲಿ ಗೊತ್ತಾಗಲ್ಲ, ಬಂದ ಮೇಲೆ ನಿಮ್ಮ ಪರಿಚಯದ ಚಿನ್ನದಂಗಡಿಯಲ್ಲಿ ಮೆಷಿನ್ ಇದ್ರೆ ಚೆಕ್ ಮಾಡಿಸಿ. ಉಜ್ಜಿ ನೋಡೋಕೆ ಬಿಡಬೇಡಿ.

1837ರ ಕೂರ್ಗ್ ಮೆಡಲ್?

ಆ ವರ್ಷದ ದಂಗೆ ಅಡಗಿಸೋಕೆ ಸಹಾಯ ಮಾಡಿದವರಿಗೆ ಕಂಪನಿ ಕೊಟ್ಟ ಪದಕ ಅದು, ಕೊಡವ ಯೋಧನ ಚಿತ್ರ, ಜೊತೆಗೆ ಕನ್ನಡದಲ್ಲೇ ಬರಹ ಇದೆ. ಆಮೇಲೆ ಹೊಡೆದ ಪ್ರತಿಗಳೂ ಇವೆ. ಎಲ್ಲಿಂದ ಬಂತು ಅನ್ನೋ ದಾಖಲೆ ಇಲ್ದೆ, ಹೆಸರಿರೋ ಹರಾಜು ಸಂಸ್ಥೆ ಮೂಲಕ ಅಲ್ದೆ ಇದನ್ನ ಮುಟ್ಟಲೇಬೇಡಿ.

ಟಿಪ್ಪು ಕಾಲದ ಆನೆ ಪೈಸೆ?

ಒಳ್ಳೇ ಆಯ್ಕೆ, ನಮ್ಮ ಬಜೆಟ್‌ಗೂ ಸಿಗುತ್ತೆ. ಕೈಯಲ್ಲಿ ಹೊಡೆದ ತಾಮ್ರ ಆದ್ದರಿಂದ ಚಿತ್ರ ಒಂದು ಬದಿಗೆ ಸರಿದಿರೋದು ಮಾಮೂಲಿ. ಆಯ್ಕೆ ಮಾಡೋವಾಗ ನೋಡಬೇಕಾದ್ದು ಆನೆ ಪೂರ್ತಿ ಇದೆಯಾ, ಹಿಂದೆ ಟಂಕಶಾಲೆ ಹೆಸರು ಓದೋಕೆ ಆಗುತ್ತಾ ಅನ್ನೋದು. ಪಟ್ಟಣ ಅಂದ್ರೆ ಶ್ರೀರಂಗಪಟ್ಟಣದ್ದು ಬೇಕಾದಷ್ಟು ಸಿಗುತ್ತೆ. ನಗರ, ಬೆಂಗಳೂರು, ಚಿತ್ರದುರ್ಗ ಅಂತ ಬೇರೆ ಟಂಕಶಾಲೆಗಳೂ ಇದ್ವು, ಹೆಸರು ಅರ್ಧ ಕತ್ತರಿಸಿ ಹೋದ ನಾಣ್ಯಕ್ಕೆ "ರೇರ್ ಮಿಂಟ್" ಅಂತ ಬರೆದಿದ್ರೆ ಒಪ್ಪಬೇಡಿ. ಆಳ್ವಿಕೆಯ ಶುರುವಲ್ಲಿ ಹಿಜರಿ ವರ್ಷ ಹಾಕ್ತಿದ್ರು, ಆಮೇಲೆ 1215ರಿಂದ ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಲೆಕ್ಕದ ವರ್ಷ, ಆ ಅಂಕಿಗಳನ್ನ ಬಲದಿಂದ ಎಡಕ್ಕೆ ಓದಬೇಕು. ಈ ವಿಷಯ ಗೊತ್ತಿಲ್ದೆ ಇಸವಿ ಉಲ್ಟಾ ಬರೆದಿರೋ ಮಾರಾಟಗಾರರ ಹತ್ರ ಟಂಕಶಾಲೆ ವಿಷಯದಲ್ಲಿ ಭರವಸೆ ಇಡೋಕಾಗಲ್ಲ.

ತಾಮ್ರದ ಮೇಲೆ ತಿಳಿ ಹಸಿರು ಪುಡಿ ಪುಡಿ ಕಂಡ್ರೆ ಬಿಡಿ, ಅದು ಹರಡೋ ತುಕ್ಕು, ನಮ್ಮ ಮಳೆಗಾಲದಲ್ಲಿ ಇನ್ನೂ ಬೇಗ ತಿನ್ನುತ್ತೆ. ಗಟ್ಟಿಯಾಗಿ ನುಣ್ಣಗೆ ಕೂತ ಕಡು ಹಸಿರು, ಕಂದು ಪದರ ಇದ್ರೆ ಅದು ಚೆಂದ, ಕೆರೆಯಬೇಡಿ. ಮೂರನೇ ಕೃಷ್ಣರಾಜ ಒಡೆಯರ ಕಾಲದ, ಮಯಿಲಿ ಕಾಸು ಅಂತ ಕನ್ನಡದಲ್ಲೇ ಅಚ್ಚಾದ ತಾಮ್ರದ ಕಾಸಿಗೂ ಇದೇ ಮಾತು. ಹೊಸದಾಗಿ ಶುರು ಮಾಡೋ ಮಕ್ಕಳಿಗೆ ನಾನು ಅದನ್ನೇ ಹೇಳೋದು, ನಮ್ಮ ಅಕ್ಷರ ನಮಗೆ ಓದೋಕೆ ಬರುತ್ತೆ, ಫೋಟೋದಲ್ಲಿ ಯಾವ ಅಕ್ಷರ ಹೋಗಿದೆ ಅಂತ ಯಾರನ್ನೂ ಕೇಳಬೇಕಿಲ್ಲ.

ಪತ್ತಾಕ್‌ನಲ್ಲಿ (ಕೊಡವ ಹೆಂಗಸರ ಸರ) ಇದ್ದ ಸವರನ್ (ಬ್ರಿಟಿಷ್ ಚಿನ್ನದ ನಾಣ್ಯ) ಬಿಚ್ಚಿ ಮಾರ್ತಾ ಇದ್ದಾರೆ, ತಗೊಳ್ಳಬಹುದಾ?

ಚಿನ್ನ ಅಂತ ತಗೊಳ್ಳಬಹುದು, ಸಂಗ್ರಹದ ನಾಣ್ಯ ಅಂತ ಬೇಡ. ಬೆಸುಗೆ ಹಾಕಿದ್ದು, ಕೊಂಡಿ ತೆಗೆದು ಅಂಚು ಅರದಿಂದ ತಿಕ್ಕಿದ್ದು ಫೋಟೋದಲ್ಲಿ ಅಂಚು ತೋರಿಸಿದ್ರೆ ಮಾತ್ರ ಕಾಣುತ್ತೆ. ಪೂರ್ತಿ ಸವರನ್ 7.98 ಗ್ರಾಂ, 22 ಕ್ಯಾರೆಟ್. ಜೊತೆಗೆ, ಆಭರಣಕ್ಕೆ ಅಂತಲೇ ಅಕ್ಕಸಾಲಿಗರು ರಾಣಿ ಮುಖದ ಬಿಲ್ಲೆ ಮಾಡಿ ಕೊಡೋದೂ ಇದೆ, ಚಿನ್ನ ಸರಿ ಇರುತ್ತೆ ಆದ್ರೆ ಟಂಕಶಾಲೆಯ ನಾಣ್ಯ ಅಲ್ಲ. ನಿಮ್ಮ ಅಜ್ಜಿಯ ಪತ್ತಾಕ್ ಆಗಿದ್ರೆ ಮಾತ್ರ ಒಂದು ಕೋರಿಕೆ, ನಾಣ್ಯದ ಆಸೆಗೆ ಅದನ್ನ ಬಿಚ್ಚಿಸಬೇಡಿ, ಹಾಗೇ ಪೂರ್ತಿ ಇದ್ರೇ ಅದಕ್ಕೆ ಅರ್ಥ.

ಬೆಲೆ ಸರಿಯಾ ಅಂತ ಹೇಗೆ ಗೊತ್ತಾಗೋದು?

ಕೇಳೋ ಬೆಲೆ ನೋಡಬೇಡಿ, ಮಾರಾಟ ಆದ ಬೆಲೆ ನೋಡಿ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ ಥರದ ಹರಾಜು ಸಂಸ್ಥೆಗಳ ಹಳೇ ಹರಾಜಿನ ಫೋಟೋ, ಬಿದ್ದ ಬೆಲೆ ಆನ್‌ಲೈನ್‌ನಲ್ಲೇ ಸಿಗುತ್ತೆ. ತೂಕ, ಅಗಲ, ಲೋಹ ನೋಡೋಕೆ ನುಮಿಸ್ಟಾ ಸೈಟ್ ಇದೆ, ಪುಕ್ಕಟೆ. ಒಂದು ವಾರ ಬರೀ ನೋಡಿ, ಏನೂ ತಗೊಳ್ಳಬೇಡಿ. ಒಂದೇ ನಾಣ್ಯದ ಮೂವತ್ತು ನಲವತ್ತು ಒಳ್ಳೇ ಫೋಟೋ ನೋಡಿದ ಕಣ್ಣಿಗೆ ಕೆಟ್ಟದ್ದು ತಾನಾಗೇ ಚುಚ್ಚುತ್ತೆ, ಅದಕ್ಕೆ ಯಾವ ಪುಸ್ತಕದ ಪಾಠವೂ ಸಮ ಅಲ್ಲ.

ಎನ್‌ಜಿಸಿ, ಪಿಸಿಜಿಎಸ್ ಡಬ್ಬಿಯಲ್ಲಿ ಇದ್ರೆ ಕಣ್ಣು ಮುಚ್ಚಿ ತಗೊಳ್ಳಬಹುದಾ?

ಇಲ್ಲ. ಇವು ನಾಣ್ಯ ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡೋ ಸಂಸ್ಥೆಗಳು, ಆದ್ರೆ ಆ ಡಬ್ಬಿಯನ್ನೂ ನಕಲು ಮಾಡ್ತಾರೆ. ಲೇಬಲ್ ಮೇಲಿನ ನಂಬರ್‌ನ ಅವರ ಸೈಟಲ್ಲಿ ಹಾಕಿ, ಅಲ್ಲಿ ಫೋಟೋ ಇದ್ರೆ ನಿಮಗೆ ಕಳಿಸಿದ ಫೋಟೋ ಜೊತೆ ಗೀರು ಗೀರಿಗೆ ಹೋಲಿಸಿ ನೋಡಿ.

"ಇವತ್ತೇ ಲಾಸ್ಟ್, ಇನ್ನೊಬ್ರು ಕೇಳ್ತಾ ಇದ್ದಾರೆ" ಅಂದ್ರೆ?

ಅವರಿಗೇ ಕೊಡ್ಲಿ. ಸಾವಿರಾರು ಲಕ್ಷಗಟ್ಟಲೆ ಅಚ್ಚಾದ ನಾಣ್ಯ ಮತ್ತೆ ಬಂದೇ ಬರುತ್ತೆ. ನಿಜವಾಗಿ ಅಪರೂಪದ್ದು ಆಗಿದ್ರೆ ಮಾರೋರು ವಾಟ್ಸಾಪ್ ಗ್ರೂಪಲ್ಲಿ ರಾತ್ರಿ ಹನ್ನೊಂದಕ್ಕೆ ಅವಸರ ಮಾಡಲ್ಲ, ಹರಾಜಿಗೆ ಕಳಿಸ್ತಾರೆ.

ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ ಅಂತ ಫೋನ್ ಬಂದಿದೆ, ರಿಜಿಸ್ಟ್ರೇಷನ್ ಫೀ ಮಾತ್ರ ಕೇಳ್ತಾರೆ.

ಒಂದು ರೂಪಾಯಿನೂ ಹಾಕಬೇಡಿ. ಹಳೇ ನೋಟು ನಾಣ್ಯ ಕೊಳ್ಳೋ ಮಾರೋ ವ್ಯವಹಾರಕ್ಕೆ ತನ್ನ ಹೆಸರು ಬಳಸಿ ಫೀ, ಕಮಿಷನ್, ಟ್ಯಾಕ್ಸ್ ಅಂತ ಕೇಳೋರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ, ತಾನು ಅಂಥ ವ್ಯವಹಾರ ಮಾಡಲ್ಲ, ಫೀ ತಗೊಳ್ಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಈಗಾಗಲೇ ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

"ಕಾಫಿ ತೋಟದಲ್ಲಿ ಗುಂಡಿ ತೋಡುವಾಗ ಸಿಕ್ಕಿದ್ದು" ಅಂತ ಬರೆದಿದ್ರೆ?

ಸುಳ್ಳಾಗಿದ್ರೆ ನಾಣ್ಯವೂ ನಕಲಿ ಇರಬಹುದು, ನಿಜ ಆಗಿದ್ರೆ ಅದು ನಿಧಿ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕಾದ್ದು. ಎರಡೂ ಕಡೆಯಿಂದ ನಿಮಗೆ ಬೇಡದ ವ್ಯವಹಾರ. ನೂರು ವರ್ಷ ದಾಟಿದ ನಾಣ್ಯನ ಹೊರದೇಶಕ್ಕೆ ಕಳಿಸೋದಕ್ಕೂ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಇದೆ, ದುಬೈಲಿರೋ ತಮ್ಮನಿಗೆ ಗಿಫ್ಟ್ ಕಳಿಸೋ ಯೋಚನೆ ಇದ್ರೆ ಬಿಟ್ಟುಬಿಡಿ.

ಪಾರ್ಸಲ್ ಬಂದ ದಿನ ಏನು ಮಾಡಬೇಕು?

ದುಡ್ಡು ಹಾಕೋ ಮೊದಲೇ ವಾಪಸ್ ತಗೊಳ್ತೀರಾ, ಎಷ್ಟು ದಿನ ಅಂತ ಮೆಸೇಜಲ್ಲೇ ಬರೆಸಿಕೊಂಡಿರಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಸೆಲ್ಲೋಟೇಪ್ ನಾಣ್ಯಕ್ಕೆ ತಾಗದ ಹಾಗೆ ಪ್ಯಾಕ್ ಮಾಡಿ, ಹೊರಗೆ ಪ್ಲಾಸ್ಟಿಕ್ ಸುತ್ತಿ ಕಳಿಸೋಕೆ ಹೇಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಪಾರ್ಸಲ್ ಒದ್ದೆ ಆಗಿ ಬರೋದು ಸಾಮಾನ್ಯ, ಘಾಟಿ ರಸ್ತೆ ಬಂದ್ ಆದ್ರೆ ತಡನೂ ಆಗುತ್ತೆ, ಹಾಗಾಗಿ ವಾಪಸಿನ ದಿನ ಕೈಗೆ ಸಿಕ್ಕಿದ ದಿನದಿಂದ ಎಣಿಸೋ ಹಾಗೆ ಮಾತಾಡ್ಕೊಳ್ಳಿ.

ಬಂದ ಮೇಲೆ ಬಿಚ್ಚೋದನ್ನ ಮೊದಲಿಂದ ಕಟ್ ಇಲ್ಲದೆ ವಿಡಿಯೋ ಮಾಡಿ. ತೂಕ ಹಾಕಿ. ಹಗಲು ಬೆಳಕಲ್ಲಿ, ಮೋಡ ಜಾಸ್ತಿ ಇದ್ರೆ ಟೇಬಲ್ ಲ್ಯಾಂಪ್ ಒಂದು ಬದಿಯಿಂದ ಇಟ್ಟು, ಅವರು ಕಳಿಸಿದ ಫೋಟೋ ಪಕ್ಕದಲ್ಲಿಟ್ಕೊಂಡು ಹೋಲಿಸಿ, ಅಂಚು ಮರೀಬೇಡಿ. ವ್ಯತ್ಯಾಸ ಕಂಡ್ರೆ ಅದೇ ದಿನ ಫೋಟೋ ಸಮೇತ ತಿಳಿಸಿ, ನಾಣ್ಯ ತೊಳೆದ್ರೆ ಒರೆಸಿದ್ರೆ ವಾಪಸ್ ತಗೊಳ್ಳಲ್ಲ, ಅದು ನ್ಯಾಯವೂ ಹೌದು.

ಎಲ್ಲಾ ಸರಿ ಇದ್ರೆ ಮೆತ್ತಗಿನ ಪಿವಿಸಿ ಆಲ್ಬಮ್ ಹಾಳೆಗೆ ಮಾತ್ರ ಹಾಕಬೇಡಿ, ತೇವಕ್ಕೆ ಅಂಟಂಟು ಹಸಿರು ಬಿಡುತ್ತೆ. ಪಿವಿಸಿ ಇಲ್ಲದ ಗಟ್ಟಿ ಕ್ಯಾಪ್ಸೂಲ್, ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಆ ಪೊಟ್ಟಣನ ತಿಂಗಳಿಗೊಮ್ಮೆಯಾದ್ರೂ ಬದಲಾಯಿಸಿ, ಬಟ್ಟೆ ಬೀರುವಿಗಿಂತ ಅಡುಗೆಮನೆಗೆ ಅಂಟಿದ ಬೆಚ್ಚಗಿನ ಗೋಡೆ ಕಡೆಯ ಕಪಾಟು ಒಳ್ಳೇದು.